ಮನೆಯ ಮಾತು: ಪರದೇಶಕ್ಕೆ ಹೊರಟ ಮಗಳ ಪೆಟ್ಟಿಗೆ



ಕಳೆದ ತಿಂಗಳು ನನ್ನ ಕೈಸೇರಿದ ಕಾಗದಗಳಲ್ಲಿ ಒಂದು ಎಡಕುಮೇರಿಯ ಕಡೆಯಿಂದ ಬಂದುದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲಿನಲ್ಲಿ ಪ್ರಯಾಣ ಮಾಡಿದವರಿಗೆ ಈ ಹೆಸರು ನೆನಪಿರಬಹುದು. ದೋಣಿಗಾಲ್, ಕಡಗರವಳ್ಳಿಗಳನ್ನು ದಾಟಿ, ಒಂದು ಸುರಂಗದಿಂದ ಹೊರಬಿದ್ದು ಇನ್ನೊಂದನ್ನು ಹೊಗುತ್ತ, ಗಾಡಿಯು ದಟ್ಟವಾದ ಕಾಡಿನ ನಡುವೆ ಒಂದೆಡೆ ಉಸಿರು ತಿರುಗಿಸಿಕೊಳ್ಳುವುದು. ಅಲ್ಲಿ ಊರೆಂಬುದು ಕಣ್ಣಿಗೆ ಬೀಳದು. ಒಳ್ಳೆಯ ಮೋಟಾರು ರಸ್ತೆಯೂ ಇಲ್ಲ. ಹೆಸರಿನ ಹಲಗೆ, ಕೆಲವು ಕಟ್ಟಡಗಳು, ಎಡೆಬಿಡದೆ ತೊಟ್ಟಿಕ್ಕುವ ಮರಗಳು, ಅಷ್ಟೇ ಎಡಕುಮೇರಿ. ಈ ಘಟ್ಟದ ದಾರಿಯಲ್ಲಿ ಸುರಂಗಗಳೇ 57 ಎಂದಮೇಲೆ ಉಳಿದುದನ್ನು ಊಹಿಸಿಕೊಳ್ಳಬಹುದು.

ಆ ಕಾಡಿನ ಅಂಚಿನಲ್ಲಿ ಕಾಫಿ ಏಲಕ್ಕಿಗಳ ತೋಟ ಮಾಡಿಕೊಂಡಿರುವ ಮನೆಯ ತಾಯಿಯೊಬ್ಬರು ಈ ಕಾಗದವನ್ನು ಬರೆದಿರುವರು. ಲಕೋಟೆಯ ಒಂದು ಅಂಚು ನೆನೆದು ವಿಳಾಸದ ಮಸಿ ಹರಡಿತ್ತು. ಅವರ ಮಗಳು ಹಾಸನದಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿ, ಎರಡು ವರ್ಷದ ಮೇಲ್ವ್ಯಾಸಂಗಕ್ಕಾಗಿ ಸೆಪ್ಟೆಂಬರ್ ಕೊನೆಯಲ್ಲಿ ಜರ್ಮನಿಗೆ ಹೊರಡುವಳಂತೆ. ಮನೆತನದಲ್ಲಿ ಸಮುದ್ರ ದಾಟುವವಳು ಅವಳೇ ಮೊದಲು. "ಪೆಟ್ಟಿಗೆಯಲ್ಲಿ ಏನೇನು ಕಟ್ಟಿಕೊಡಲಿ? ಅಲ್ಲಿ ಅವಳು ಹೇಗೆ ನಡೆದುಕೊಳ್ಳಬೇಕು? ಇಲ್ಲಿ ನಾನು ಏನು ಮಾಡಬೇಕು?" ಎಂದು ಕೇಳಿರುವರು. ಸಹಿಯ ಕೆಳಗೆ, ಬೇರೆ ಮಸಿಯಲ್ಲಿ, ಇನ್ನೂ ನಾಲ್ಕು ಸಾಲುಗಳಿವೆ. ಅವುಗಳ ವಿಷಯವನ್ನು ಆಮೇಲೆ ಹೇಳುವೆನು, ಮೊದಲು ಪೆಟ್ಟಿಗೆ.

ತಾಯಂದಿರು ಮೊದಲು ಕೈಹಾಕುವುದು ತುಪ್ಪದ ಡಬ್ಬಕ್ಕೆ. ಅದನ್ನು ಕೆಳಗಿಡಿ. ಯೂರೋಪಿನ ಒಕ್ಕೂಟಕ್ಕೆ ಸೇರಿದ ದೇಶಗಳೊಳಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನಾಗಲಿ ಮಾಂಸವನ್ನಾಗಲಿ ತರಕೂಡದೆಂದು ಕಟ್ಟುನಿಟ್ಟಿನ ನಿಯಮವುಂಟು. ತುಪ್ಪವೂ ಪೇಡೆಯೂ ಈ ನಿಯಮದೊಳಗೆ ಬರುವುವು. ಹಸಿಯ ಸೊಪ್ಪು, ತರಕಾರಿ, ಹಣ್ಣುಗಳಿಗೆ 2019ರ ಡಿಸೆಂಬರಿನಿಂದ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸು ಮೊದಲಾದ ನಾಲ್ಕೈದಕ್ಕೆ ಮಾತ್ರ ವಿನಾಯಿತಿ. ಆದುದರಿಂದ ಹಿತ್ತಲಿನ ಕರಿಬೇವಿನ ಕಟ್ಟನ್ನು ಬಟ್ಟೆಯ ನಡುವೆ ಬಚ್ಚಿಟ್ಟು ಕಳುಹಿಸುವ ಸಾಹಸ ಬೇಡ. ಮಗಳು ಹೊಸ ದೇಶದಲ್ಲಿ ಮೊದಲು ಮಾತನಾಡುವ ಮನುಷ್ಯನು ಸುಂಕದ ಅಧಿಕಾರಿಯಾಗುವುದು ಯಾರಿಗೆ ಬೇಕು? ಒಣಗಿದ ಮೆಣಸು, ಏಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿ, ಎಣ್ಣೆಯ ಉಪ್ಪಿನಕಾಯಿ, ಇವಕ್ಕೆ ಅಡ್ಡಿಯಿಲ್ಲ. ನಿಮ್ಮ ಕಾಡಿನ ಜೇನನ್ನು ಎರಡು ಕಿಲೋವಿನೊಳಗೆ ಕೊಟ್ಟು ಕಳುಹಿಸಬಹುದು. ಆದರೆ ಸೀಸೆಯನ್ನು ಎರಡು ಪದರ ಕಟ್ಟಬೇಕು. ಔಷಧಿಗಳನ್ನು ಮೂರು ತಿಂಗಳಿಗೆ ಸಾಲುವಷ್ಟು ಮಾತ್ರ, ವೈದ್ಯರ ಚೀಟಿಯೊಂದಿಗೆ ಇಡತಕ್ಕದ್ದು.

ಪಾತ್ರೆಗಳಲ್ಲಿ ಒಂದು ಸಣ್ಣ ಕುಕ್ಕರ್ ಸಾಕು. ಆದರೆ ಅದು ಅಲ್ಯೂಮಿನಿಯಂನದಾಗಿರಬಾರದು. ಅಲ್ಲಿಯ ಒಲೆಗಳು ಬಹುಪಾಲು ಗಾಜಿನಂತೆ ಸಪಾಟಾದ ವಿದ್ಯುತ್ ಒಲೆಗಳು. ತಳ ಸಮನಾಗಿಲ್ಲದ ಪಾತ್ರೆ ಅವುಗಳ ಮೇಲೆ ಸರಿಯಾಗಿ ಕಾಯದು. ಇಂಡಕ್ಷನ್ ಒಲೆಯಾದರೆ ಅಲ್ಯೂಮಿನಿಯಂ ಬಿಸಿಯೇ ಆಗದು. ಕುಕ್ಕರಿನ ರಬ್ಬರ್ ಬಳೆ ಎರಡು ಹೆಚ್ಚಾಗಿ ಇರಲಿ. ವಿದ್ಯುತ್ತಿನ ಒತ್ತಡ ಅಲ್ಲಿಯೂ ನಮ್ಮಲ್ಲಿಯಂತೆ 230 ವೋಲ್ಟ್. ಗೋಡೆಯ ತೂತು ಮಾತ್ರ ಬೇರೆ. ಆದಕಾರಣ ಮಿಕ್ಸಿಯಂಥವನ್ನು ಒಂದು ಅಡಾಪ್ಟರ್ ಕೊಂಡು ನಡೆಸಬಹುದು. ಅಮೆರಿಕಕ್ಕೆ ಹೋಗುವವರು ಈ ಮಾತನ್ನು ನಂಬಬೇಡಿ. ಅಲ್ಲಿ 120 ವೋಲ್ಟ್. ಇನ್ನೊಂದು ಮಾತು. ವಿದ್ಯಾರ್ಥಿನಿಲಯಗಳ ಅಡಿಗೆಮನೆಯಲ್ಲಿ ಮೆಣಸಿನಕಾಯಿಯ ಒಗ್ಗರಣೆಯ ಘಾಟು ಎದ್ದಾಗ ಛಾವಣಿಯ ಬೆಂಕಿಗಂಟೆ ಬಾರಿಸಿಬಿಡುವುದುಂಟು. ಅಗ್ನಿಶಾಮಕದವರು ಬಂದು ಹೋದರೆ ಅದರ ಖರ್ಚು ಒಗ್ಗರಣೆ ಹಾಕಿದವರ ತಲೆಗೇ ಬರಬಹುದು. ಸಾಸಿವೆ ಸಿಡಿಸುವ ಮೊದಲು ಕಿಟಕಿ ತೆರೆಯಬೇಕು, ಬಾಗಿಲು ಮುಚ್ಚಬೇಕು.

ಉಣ್ಣೆಯ ಕೋಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ. ಇಲ್ಲಿ ಚಳಿಗೆಂದು ಮಾರುವುದು ಅಲ್ಲಿಯ ಅಕ್ಟೋಬರಿಗೇ ಸಾಲದು. ಅಲ್ಲಿ ಹಳೆಯದನ್ನು ಮಾರುವ ಅಂಗಡಿಗಳಲ್ಲಿಯೂ ಒಳ್ಳೆಯ ಕೋಟು ದೊರೆಯುವುದು. ಒಳಗೆ ಹಾಕುವ ತೆಳ್ಳನೆಯ ಉಡುಪುಗಳು ನಾಲ್ಕು ಜೊತೆ, ಒಂದು ಸ್ವೆಟರ್, ನೀರು ಹೊಗದ ಪಾದರಕ್ಷೆ, ಇಷ್ಟನ್ನು ಇಲ್ಲಿಂದ ಕೊಟ್ಟರೆ ಸಾಕು. ಒಂದರ ಮೇಲೊಂದು ತೊಡುವ ಕ್ರಮ ಮಲೆನಾಡಿನವರಿಗೆ ಹೊಸದಲ್ಲ. ನಿಜ ಹೇಳುವುದಾದರೆ, ಬಯಲುಸೀಮೆಯ ಮಕ್ಕಳಿಗಿಂತ ನಿಮ್ಮ ಮಗಳೇ ಆ ಹವೆಗೆ ಹೆಚ್ಚು ಸಿದ್ಧಳಾಗಿರುವಳು. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯೋದಯವಾಗುವುದು ಬೆಳಿಗ್ಗೆ ಎಂಟರ ಸುಮಾರಿಗೆ. ಸಂಜೆ ನಾಲ್ಕಕ್ಕೆ ಕತ್ತಲೆ ಕವಿಯುವುದು. ಹಗಲಿನಲ್ಲಿಯೂ ವಾರಗಟ್ಟಲೆ ಬಿಸಿಲು ಕಾಣದು. ಬಿಜಾಪುರದಿಂದ ಹೋದವರಿಗೆ ಇದು ಭಯಂಕರವೆನಿಸುವುದು. ಆದರೆ ಆಷಾಢ ಶ್ರಾವಣಗಳಲ್ಲಿ ಮೂರು ಗಂಟೆಗೇ ದೀಪ ಹಚ್ಚಿಕೊಂಡು ಬೆಳೆದವಳಿಗೆ ಮುಖ ಗಂಟಿಕ್ಕಿದ ಆಕಾಶ ಹಳೆಯ ಪರಿಚಯ. ಮಳೆಗಾಲದಲ್ಲಿ ನೀವು ಏನು ಮಾಡುವಿರಿ? ಹೊತ್ತಿಗೆ ಸರಿಯಾಗಿ ಏಳುವಿರಿ, ಬಿಸಿಯಾಗಿ ಉಣ್ಣುವಿರಿ, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಹೊರಗೆ ತಿರುಗಿ ಬರುವಿರಿ. ಅಲ್ಲಿಯೂ ಅದನ್ನೇ ಮಾಡಬೇಕು; ಬೆಳಕಿದ್ದಾಗ ಹೊರಗೆ ನಡೆಯುವುದನ್ನು ಔಷಧಿಯಂತೆ ಪಾಲಿಸಬೇಕು.

ಒಂದು ವಿಷಯದಲ್ಲಿ ಮಾತ್ರ ಮಲೆನಾಡಿನ ಅಭ್ಯಾಸವೇ ಅವಳಿಗೆ ಎದುರಾಗುವುದು. ನಾವು ಮಂಜು ಒಳಗೆ ಬರದಂತೆ ಕಿಟಕಿ ಮುಚ್ಚುವೆವು, ಒದ್ದೆ ಬಟ್ಟೆಯನ್ನು ಒಳಗೆ ಹಗ್ಗದ ಮೇಲೆ ಹರಡುವೆವು. ಅಲ್ಲಿಯ ಬಿಗಿಯಾದ ಕೋಣೆಗಳಲ್ಲಿ ಹೀಗೆ ಮಾಡಿದರೆ ಒಂದೇ ತಿಂಗಳಲ್ಲಿ ಗೋಡೆಗೆ ಬೂಷ್ಟು ಹಿಡಿಯುವುದು. ಮನೆಯೊಡೆಯನು ಠೇವಣಿಯಲ್ಲಿ ಅದರ ಹಣವನ್ನು ಹಿಡಿದುಕೊಳ್ಳುವನು. ಎಷ್ಟೇ ಚಳಿಯಿರಲಿ, ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿಯಾಗಿ ತೆರೆದು ಗಾಳಿಯಾಡಿಸುವುದು ಅಲ್ಲಿಯ ಮನೆಗಳ ಆಚಾರ. ಅದನ್ನು ಮೊದಲ ದಿನದಿಂದಲೇ ಕಲಿಯಲಿ. ಅಂತೆಯೇ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು. ಭಾನುವಾರ ಅಂಗಡಿಗಳು ಮುಚ್ಚಿರುವುವು. ಶನಿವಾರವೇ ಅಕ್ಕಿ ಬೇಳೆ ತರಬೇಕು.

ಇನ್ನು ಹಣದ ಮಾತು. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಶುಲ್ಕ ಸಾಮಾನ್ಯವಾಗಿ ಇಲ್ಲ. ಆದರೆ ಬಾಡೆನ್ ವ್ಯುರ್ಟೆಂಬೆರ್ಗ್ ಪ್ರಾಂತದಲ್ಲಿ ಹೊರದೇಶದವರಿಗೆ 2017ರಿಂದ ಅರ್ಧವರ್ಷಕ್ಕೆ 1,500 ಯೂರೋ ಇಟ್ಟಿರುವರು. ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದು ಅರ್ಥವಲ್ಲ. ವೀಸಾ ಕೇಳುವ ಮುನ್ನವೇ ಒಂದು ವರ್ಷದ ಜೀವನಕ್ಕೆ ಸಾಲುವ ಹಣವನ್ನು ಬಿಗಿಹಿಡಿದ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. ಆ ಮೊತ್ತವನ್ನು 2024ರ ಸೆಪ್ಟೆಂಬರಿನಲ್ಲಿ 11,904 ಯೂರೋ ಎಂದು ನಿಗದಿ ಮಾಡಿದರು. ಅಂದರೆ ತಿಂಗಳಿಗೆ 992. ಒಟ್ಟಿಗೆ ತೆಗೆಯಲು ಬಾರದು, ತಿಂಗಳು ತಿಂಗಳು ಅಷ್ಟಷ್ಟೇ ಕೈಗೆ ಬರುವುದು. ಸಂಬಳದಿಂದ ಬಾಳುವ ಪಟ್ಟಣದವರು ಈ ಏರ್ಪಾಡನ್ನು ಕಂಡು ಬೈಯುವರು. ಆದರೆ ಕಾಫಿಯ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನು? ಅರೇಬಿಕಾ ಕೊಯಿಲು ನವೆಂಬರಿನಿಂದ, ರೋಬಸ್ಟಾ ಮಾರ್ಚಿಯವರೆಗೆ. ಹಣ ಬರುವುದು ವರ್ಷಕ್ಕೊಮ್ಮೆ, ಮನೆ ನಡೆಯುವುದು ಹನ್ನೆರಡು ತಿಂಗಳು. ಆ ಲೆಕ್ಕದ ಪುಸ್ತಕವನ್ನು ನೀವು ಮಗಳಿಗೆ ಒಂದು ಸಲ ತೋರಿಸಿ ವಿವರಿಸಿದರೆ ಬೇರೆ ಅರ್ಥಶಾಸ್ತ್ರ ಬೇಕಾಗಿಲ್ಲ. 992ರಲ್ಲಿ ಕೋಣೆಯ ಬಾಡಿಗೆಯೇ ಮೂರನೆಯ ಒಂದಕ್ಕೂ ಮಿಕ್ಕಿ ನುಂಗುವುದು. ಕಡ್ಡಾಯವಾದ ಆರೋಗ್ಯವಿಮೆಗೆ 2025ರಲ್ಲಿ ತಿಂಗಳಿಗೆ 140 ಯೂರೋಗಳ ಆಚೆ ಈಚೆ ಆಗುತ್ತಿತ್ತು. ಉಳಿದುದರಲ್ಲಿ ಊಟ, ಪುಸ್ತಕ, ಕ್ಷೌರ, ಎಲ್ಲವೂ.

ಓದುವಾಗ ದುಡಿಯಲು ಅವಕಾಶವುಂಟು. 2024ರ ಮಾರ್ಚಿಯಿಂದ ವರ್ಷಕ್ಕೆ 140 ಪೂರ್ತಿ ದಿನಗಳು, ಇಲ್ಲವೇ 280 ಅರ್ಧ ದಿನಗಳು ಎಂದು ಮಿತಿಯನ್ನು ಹೆಚ್ಚಿಸಿರುವರು. ಆದರೆ ಮೊದಲ ಆರು ತಿಂಗಳು ಆ ದುಡಿಮೆಯನ್ನು ನೆಚ್ಚಿ ಲೆಕ್ಕ ಹಾಕಬೇಡಿ. ಭಾಷೆ ಬಾರದವರಿಗೆ ಕೆಲಸ ಸಿಕ್ಕುವುದು ನಿಧಾನ, ಸಿಕ್ಕಿದ ಕೆಲಸ ರಾತ್ರಿಯ ಪಾಳಿ. ಅದರ ಬೆಲೆಯನ್ನು ಪರೀಕ್ಷೆಯಲ್ಲಿ ತೆರಬೇಕಾಗುವುದು. ಅಲ್ಲಿಯ ಪರೀಕ್ಷೆಯ ವಿಚಾರ ನಮ್ಮವರಿಗೆ ತಿಳಿಯದು. ಹಾಜರಿ ಕರೆಯುವವರಿಲ್ಲ, ತಿಂಗಳಿಗೊಂದು ಕಿರುಪರೀಕ್ಷೆಯಿಲ್ಲ, ಅರ್ಧವರ್ಷದ ಕೊನೆಗೆ ಒಂದೇ ಪೆಟ್ಟಿನ ಪರೀಕ್ಷೆ. ಅದರಲ್ಲಿ ತಪ್ಪಿದರೆ ಮತ್ತೆ ಕೂರಲು ಅವಕಾಶವುಂಟಾದರೂ ಅದು ಹೆಚ್ಚಾಗಿ ಮೂರು ಸಲಕ್ಕೆ ಮುಗಿಯುವುದು. ಕಡೆಯ ಸಲವೂ ತಪ್ಪಿದರೆ ಆ ವ್ಯಾಸಂಗವನ್ನೇ ಬಿಡಬೇಕಾದೀತು. ಅಂಕಗಳೂ ತಲೆಕೆಳಗು: 1 ಎಂದರೆ ಅತ್ಯುತ್ತಮ, 4 ಎಂದರೆ ಕಷ್ಟದಿಂದ ತೇರ್ಗಡೆ, 5 ಎಂದರೆ ನಪಾಸು. ಮಗಳು ಫೋನಿನಲ್ಲಿ "ಒಂದು ಬಂತು" ಎಂದರೆ ಗಾಬರಿಯಾಗದೆ ಪಾಯಸ ಮಾಡಿ.

ಅಲ್ಲಿ ಇಳಿದ ಮೇಲೆ ಮಾಡತಕ್ಕ ಕೆಲಸಗಳಲ್ಲಿ ಮೊದಲನೆಯದು ಮನೆಯ ವಿಳಾಸವನ್ನು ಪಟ್ಟಣದ ಕಚೇರಿಯಲ್ಲಿ ದಾಖಲು ಮಾಡಿಸುವುದು. ಕೋಣೆಗೆ ಹೊಕ್ಕ ಎರಡು ವಾರದೊಳಗೆ ಇದು ಆಗಬೇಕು; ಮನೆಯೊಡೆಯನು ಸಹಿಮಾಡಿದ ಚೀಟಿ ಬೇಕು. ಈ ದಾಖಲೆಯಿಂದಲೇ ಬೇರೆ ಬಾಗಿಲುಗಳು ತೆರೆಯುವುವು. ವೀಸಾದ ಅವಧಿ ತೀರುವುದರೊಳಗೆ ವಿದೇಶೀಯರ ಕಚೇರಿಯಿಂದ ವಾಸದ ಅನುಮತಿಯನ್ನೂ ಪಡೆಯಬೇಕು. ಆ ಕಚೇರಿಗಳಲ್ಲಿ ದಿನ ಸಿಕ್ಕುವುದು ನಿಧಾನವಾದುದರಿಂದ ಹೋದ ತಿಂಗಳೇ ಅರ್ಜಿ ಹಾಕಿಕೊಳ್ಳಲಿ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕಚೇರಿಯ ಕಾಗದ, ಮನೆಯೊಡೆಯನ ಕಾಗದ, ವೈದ್ಯರ ಮಾತು, ಎಲ್ಲವೂ ಜರ್ಮನ್ ಭಾಷೆಯಲ್ಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಹೋದವರು ಪುಣ್ಯವಂತರು. ಸಮಯವಿಲ್ಲದಿದ್ದರೆ ಉಳಿದ ಆರು ವಾರದಲ್ಲಿ ಎಣಿಕೆ, ವಿಳಾಸ, ರೋಗದ ಹೆಸರು, ಕ್ಷಮೆ ಕೇಳುವ ಮಾತು, ಇಷ್ಟಾದರೂ ಬರಲಿ. ಇಪ್ಪತ್ತೊಂದು ವರ್ಷದ ಫರ್ಡಿನಾಂಡ್ ಕಿಟ್ಟೆಲ್ ಎಂಬ ಜರ್ಮನ್ ಯುವಕನು 1853ರಲ್ಲಿ ನಮ್ಮ ನಾಡಿಗೆ ಬಂದಿಳಿದಾಗ ಕನ್ನಡದ ನೆರವಿಗೆ ಅವನಿಗೇನಿತ್ತು? 1894ರಲ್ಲಿ ಮುದ್ರಣವಾದ ನಿಘಂಟು ಅವನ ಕಲಿಕೆಯ ಫಲ. ನಿಮ್ಮ ಮಗಳು ನಿಘಂಟು ಬರೆಯಬೇಕಾಗಿಲ್ಲ. ರೊಟ್ಟಿಯಂಗಡಿಯಲ್ಲಿ ಅವರ ಭಾಷೆಯಲ್ಲಿ ಬೆಲೆ ಕೇಳಿದರೆ ಸಾಕು, ಅಂಗಡಿಯವಳ ಮುಖ ಬದಲಾಗುವುದು.

ತುರ್ತಿನ ಸಂಖ್ಯೆ 112; ಪೊಲೀಸಿಗೆ 110; ರಾತ್ರಿ ಜ್ವರ ಬಂದು ವೈದ್ಯರು ಬೇಕಾದರೆ 116117. ಇವನ್ನು ಫೋನಿನಲ್ಲಿ ಮಾತ್ರವಲ್ಲದೆ ಒಂದು ಚೀಟಿಯಲ್ಲಿ ಬರೆದು ಕೋಣೆಯ ಬಾಗಿಲ ಹಿಂದೆ ಅಂಟಿಸಲಿ. ಕನ್ನಡದ ಮಾತು ಬೇಕೆನಿಸಿದಾಗ ಮ್ಯೂನಿಕ್ಕಿನ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟಿನ ಸುತ್ತಿನ ರೈನ್ ಮೈನ್ ಕನ್ನಡ ಸಂಘ ಇಂಥವುಗಳುಂಟು. ಅವಳಿರುವ ಪಟ್ಟಣ ಅಲ್ಲಿಂದ ದೂರವಾದರೂ ಯುಗಾದಿಗೆ ಒಮ್ಮೆ ಹೋಗಿಬರಬಹುದು.

ಕೋಣೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅದು ನಮ್ಮ ಮನೆಗೇ ತಟ್ಟಿದ ಪೆಟ್ಟು. ನನ್ನ ತಂಗಿಯ ಮಗನು ಕೆಲವು ವರ್ಷಗಳ ಹಿಂದೆ ಆ ದೇಶದ ಒಂದು ಪಟ್ಟಣಕ್ಕೆ ಓದಲು ಹೋದನು. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕಿರಲಿಲ್ಲ. ಅಲ್ಲಿ ಪ್ರವೇಶ ದೊರೆತ ದಿನವೇ ಅರ್ಜಿ ಹಾಕದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಜಾಹೀರಾತಿನಲ್ಲಿ ಒಬ್ಬನು ಚೆಂದದ ಕೋಣೆಯ ಚಿತ್ರ ತೋರಿಸಿ, "ನಾನು ಊರಿನಲ್ಲಿಲ್ಲ, ಬಾಡಿಗೆಯನ್ನೂ ಠೇವಣಿಯನ್ನೂ ಮುಂದಾಗಿ ಕಳುಹಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳುಹಿಸುವೆನು" ಎಂದು ಬರೆದನು. ಹುಡುಗ ಕಳುಹಿಸಿದನು. ಬೀಗದ ಕೈ ಬರಲಿಲ್ಲ. ಹೋಗಿ ನೋಡಿದರೆ ಆ ವಿಳಾಸದಲ್ಲಿ ಇದ್ದುದು ಒಂದು ಸೈಕಲ್ಲಿನ ಅಂಗಡಿ. ಆದುದರಿಂದ, ಕೋಣೆಯನ್ನು ತಾನಾಗಲಿ ನಂಬಿಕೆಯ ಗೆಳತಿಯಾಗಲಿ ಕಣ್ಣಾರೆ ನೋಡದೆ, ಒಪ್ಪಂದದ ಕಾಗದ ಕೈಸೇರದೆ, ಒಂದು ಯೂರೋವನ್ನೂ ಕೊಡಬಾರದು. ಮೊದಲ ವಾರಗಳಿಗೆ ವಿದ್ಯಾರ್ಥಿಗಳ ತಂಗುಮನೆಯೊಂದರಲ್ಲಿ ಹಾಸಿಗೆ ಹಿಡಿದು, ಅಲ್ಲಿದ್ದುಕೊಂಡು ಹುಡುಕುವುದು ಎಷ್ಟೋ ಮೇಲು.

ಆದರೆ ನಾನು ಹೇಳಹೊರಟುದು ಆ ಮೋಸವನ್ನಲ್ಲ. ಹಣ ಹೋಯಿತು, ಹೋಗಲಿ. ಆ ಹುಡುಗ ಹನ್ನೊಂದು ರಾತ್ರಿ ಒಬ್ಬ ಸಹಪಾಠಿಯ ಕೋಣೆಯ ನೆಲದ ಮೇಲೆ ಮಲಗಿದನು. ಆಮೇಲೆ ಹೋದ ಹಣವನ್ನು ತುಂಬಿಸಲು ರಾತ್ರಿಯ ಪಾಳಿಯಲ್ಲಿ ಉಗ್ರಾಣವೊಂದರಲ್ಲಿ ಪೆಟ್ಟಿಗೆ ಹೊತ್ತನು. ಒಂದು ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದನು. ಇಷ್ಟೆಲ್ಲ ನಡೆಯುತ್ತಿದ್ದಾಗ ದಿನವೂ ಸಂಜೆ ಫೋನಿನ ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ದಿನವೂ ಅವನ ತಾಯಿ ಕೇಳುತ್ತಿದ್ದಳು. ದಿನವೂ ಅವನು "ಚೆನ್ನಾಗಿದ್ದೇನಮ್ಮ" ಎನ್ನುತ್ತಿದ್ದನು. ಎಂಟು ತಿಂಗಳ ಮೇಲೆ ಬೇರೆಯವರ ಬಾಯಿಂದ ಸಂಗತಿ ತಿಳಿಯಿತು. "ನಮಗೆ ಒಂದು ಮಾತು ಹೇಳಬಾರದಾಗಿತ್ತೇ?" ಎಂದು ಅವನ ತಂದೆ ಕೇಳಿದಾಗ ಹುಡುಗ ಹೇಳಿದ ಉತ್ತರವನ್ನು ನಾನು ಮರೆಯಲಾರೆ. "ನೀವು ಕೇಳುತ್ತಿದ್ದುದು ಊಟವಾಯಿತೇ ಎಂದು. ಊಟವೇನೋ ಆಗಿತ್ತು" ಎಂದನು. ತೋಟವನ್ನು ಅಡವಿಟ್ಟು ಕಳುಹಿಸಿದ ತಂದೆಗೆ ಕೆಟ್ಟ ಸುದ್ದಿ ಹೇಳುವುದಕ್ಕೆ ಅವನಿಗೆ ನಾಲಿಗೆ ಬರಲಿಲ್ಲ. ಮತ್ತೂ ಒಂದು ಸಂಗತಿ ಆಮೇಲೆ ಹೊರಬಿತ್ತು. ಅದೇ ಎಂಟು ತಿಂಗಳಲ್ಲಿ ನನ್ನ ತಂಗಿಯೂ ಅವನಿಂದ ಮರೆಮಾಚಿದ್ದಳು: ಅವನ ಅಜ್ಜಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡದ್ದನ್ನು. ಫೋನು ಮಾಡುವಾಗಲೆಲ್ಲ ಅಜ್ಜಿಯನ್ನು ಗೋಡೆಗೆ ಒರಗಿಸಿ, ಹೆಗಲವರೆಗೆ ಮಾತ್ರ ಕಾಣುವಂತೆ ಕೂರಿಸುತ್ತಿದ್ದಳಂತೆ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನಮ್ಮ ನಾಡಿನ ಮೊದಲ ಮಹಿಳಾ ಇಂಜಿನಿಯರೆಂದು ಅವರನ್ನು ನೆನೆಯುವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರಿನ ಮೊದಲ ಪದವೀಧರೆಯರಲ್ಲಿ ಒಬ್ಬರು. ರಾಜೇಶ್ವರಿಯವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಒಂದು ತಿಂಗಳ ಮುನ್ನ, ಸೈನಿಕರನ್ನು ಸಾಗಿಸುತ್ತಿದ್ದ ಮರೀನ್ ಆಡರ್ ಎಂಬ ಹಡಗನ್ನೇರಿ ಅಮೆರಿಕಕ್ಕೆ ಹೊರಟರು. ಪ್ರಯಾಣಕ್ಕೆ ಸುಮಾರು ಒಂದು ತಿಂಗಳು ಹಿಡಿಯಿತು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ವಾಷಿಂಗ್ಟನ್ನಿನಲ್ಲಿ ತರಬೇತಿ ಪಡೆದು, ಡಾಕ್ಟರೇಟ್ ಮುಗಿಸಿಕೊಂಡು 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಹಿಂದಿರುಗಿದರು. ಆ ಕಾಲದ ಮನೆಗಳಿಗೆ ಪರದೇಶದ ಸುದ್ದಿ ಬರುತ್ತಿದ್ದುದು ಕಾಗದದಿಂದಲೇ. ಕಾಗದ ಬರೆಯುವವರು ಕುಳಿತು ಯೋಚಿಸಿ, ನಡೆದುದನ್ನು ಸಾಲಾಗಿ ಬರೆಯುತ್ತಿದ್ದರು. ಓದುವವರು ಹತ್ತು ಸಲ ಓದುತ್ತಿದ್ದರು. ಈಗ ಮುಖ ದಿನವೂ ಕಾಣುವುದು. ಮಾತು ಊಟದಿಂದ ಆಚೆ ಹೋಗದು. ನಾನು ಹಳೆಯ ಕಾಲವನ್ನು ಹೊಗಳುವವಳಲ್ಲ, ಆ ಹಡಗಿನ ವಾಂತಿಯನ್ನು ಯಾರಿಗೂ ಹಾರೈಸೆನು. ಆದರೂ ತಿಂಗಳಿಗೊಂದು ಸಲ ಮಗಳು ಎರಡು ಪುಟ ಬರೆಯುವುದು, ನೀವೂ ಎರಡು ಪುಟ ಬರೆಯುವುದು ಎಂಬ ಏರ್ಪಾಡನ್ನು ಮಾಡಿಕೊಳ್ಳಿರೆಂದು ಹೇಳುವೆನು. ಬಾಯಲ್ಲಿ ಹೇಳಲಾಗದ್ದು ಕೈಯಲ್ಲಿ ಬರುವುದುಂಟು.

ಈಗ ಆ ನಾಲ್ಕು ಸಾಲುಗಳಿಗೆ ಬರುವೆನು. ಬರೆದವರು ಯಾರೆಂದು ಗೊತ್ತಾಗದ ಹಾಗೆ ಉತ್ತರಿಸಲು ಅವರ ಅಪ್ಪಣೆಯುಂಟು. ಅವರ ಯಜಮಾನರಿಗೆ ಎದೆಯ ರಕ್ತನಾಳ ಕಿರಿದಾಗಿದೆಯೆಂದು ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ವೈದ್ಯರು ಹೇಳಿದರಂತೆ, ಚಿಕಿತ್ಸೆ ಮಾಡಿಸಬೇಕಂತೆ. ಕಾಫಿ ಕೊಯಿಲು ಮುಗಿಯಲಿ, ಮಗಳು ಹೋಗಿ ನೆಲೆಯೂರಲಿ, ಆಮೇಲೆ ನೋಡೋಣವೆಂದು ಗಂಡ ಹೆಂಡಿರು ನಿಶ್ಚಯಿಸಿರುವರು. "ಅವಳಿಗೆ ತಿಳಿದರೆ ಹೊರಡುವುದಿಲ್ಲ. ಎರಡು ವರ್ಷ ಅವಳಿಂದ ಇದನ್ನು ಮುಚ್ಚಿಡುವ ಉಪಾಯ ಹೇಳಿ" ಎಂದು ಕೇಳಿರುವರು.

ತಾಯೀ, ಅಂಥ ಉಪಾಯ ನನ್ನಲ್ಲಿಲ್ಲ, ಇದ್ದರೂ ಹೇಳಲಾರೆ. ಮೊದಲನೆಯದಾಗಿ, ಕೊಯಿಲಿಗಾಗಿ ಕಾಯಬಹುದೇ ಎಂಬುದನ್ನು ನಿರ್ಧರಿಸತಕ್ಕವರು ನೀವಲ್ಲ, ವೈದ್ಯರು. ನಾಳೆಯೇ ಅವರನ್ನು ನೇರವಾಗಿ ಕೇಳಿ: ಎಷ್ಟು ದಿನ ತಡೆಯಬಹುದು? ಅವರು ಅನುಮಾನಿಸಿದರೆ ಈಗಲೇ ಮಾಡಿಸಿ. ತೋಟದಲ್ಲಿ ಕೊಯಿಲಿಲ್ಲ, ಮಗಳು ಮನೆಯಲ್ಲಿರುವಳು, ಅವಳು ಹೊರಡಲು ಆರು ವಾರ ಉಂಟು. ಇದಕ್ಕಿಂತ ಒಳ್ಳೆಯ ಕಾಲ ನಿಮಗೆ ಫೆಬ್ರವರಿಯಲ್ಲಿ ಸಿಕ್ಕದು. ಈ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆಯನ್ನು ನಂಬಬೇಡಿ. ಹಾಸನದಲ್ಲಿಯೋ ಮೈಸೂರಿನಲ್ಲಿಯೋ ಮಾಡಿಸಲು ಬರುವುದೇ ಎಂದು ವಿಚಾರಿಸಿ. ರೈಲಿನ ಮಾತೂ ಅಷ್ಟೇ. 2024ರ ಜುಲೈಯಲ್ಲಿ ನಿಮ್ಮ ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಗಾಡಿಗಳು ಎಷ್ಟು ದಿನ ನಿಂತವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡನೆಯದಾಗಿ, ಮಗಳಿಗೆ ಹೇಳಿ. ವಿಮಾನ ನಿಲ್ದಾಣದಲ್ಲಿ ಅಲ್ಲ, ಹೊರಡುವ ಹಿಂದಿನ ರಾತ್ರಿಯೂ ಅಲ್ಲ. ಈ ವಾರವೇ, ತಂದೆಯನ್ನು ಎದುರಿಗೆ ಕೂರಿಸಿಕೊಂಡು, ವೈದ್ಯರ ಕಾಗದವನ್ನು ಅವಳ ಕೈಗೆ ಕೊಟ್ಟು ಹೇಳಿ. ಅವಳು ಓದಿಕೊಂಡವಳು, ಕಾಗದ ಓದಬಲ್ಲಳು. ಅತ್ತಾಳು, ಹೋಗುವುದಿಲ್ಲವೆಂದಾಳು. ಎರಡು ದಿನ ಸುಮ್ಮನಿರಿ. ಹೋಗದೆ ನಿಂತರೂ ಪ್ರಳಯವಾಗದು: ಬಿಗಿಹಿಡಿದ ಖಾತೆಯ ಹಣ ಕಾಗದಪತ್ರ ತೋರಿಸಿದ ಮೇಲೆ ಹಿಂದಕ್ಕೆ ಬರುವುದು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಹೋದರೆ, ನಿಮ್ಮ ಒಪ್ಪಿಗೆಯಿಂದಲೂ ತನ್ನ ತಿಳಿವಳಿಕೆಯಿಂದಲೂ ಹೋದಂತಾಗುವುದು. ನೀವು ಮುಚ್ಚಿಟ್ಟರೆ ನಡೆಯುವುದೇನು? ಜನವರಿಯಲ್ಲಿ ಪರೀಕ್ಷೆಯ ವಾರ ಯಾರೋ ನೆಂಟರ ಹುಡುಗ ಫೋನಿನಲ್ಲಿ "ಮಾವನ ಆಪರೇಷನ್ ಹೇಗಾಯಿತು?" ಎಂದು ಬರೆಯುವನು. ಆ ದಿನದಿಂದ ನೀವು "ಎಲ್ಲರೂ ಚೆನ್ನಾಗಿದ್ದೇವೆ" ಎಂದಾಗಲೆಲ್ಲ ಅವಳು ನಂಬುವುದಿಲ್ಲ. ಮತ್ತು ತನ್ನ ಕಷ್ಟವನ್ನೂ ನಿಮಗೆ ಹೇಳುವುದಿಲ್ಲ. ನನ್ನ ತಂಗಿಯ ಮನೆಯಲ್ಲಿ ನಡೆದುದು ಇದೇ.

ಸುದ್ದಿ ತಲಪುವ ದಾರಿಯನ್ನು ಈಗಲೇ ಕಟ್ಟಿಕೊಳ್ಳಿ. ನಿಮ್ಮ ಗುಡ್ಡದಲ್ಲಿ ಮಳೆ ಹಿಡಿದರೆ ವಿದ್ಯುತ್ತು ವಾರ ಇರದು, ಫೋನಿನ ಅಲೆ ಸಿಕ್ಕಬೇಕಾದರೆ ಎತ್ತರ ಹತ್ತಬೇಕು. ನಾಲ್ಕು ದಿನ ಉತ್ತರ ಬಾರದಿದ್ದರೆ ದೂರದಲ್ಲಿರುವವಳ ಗತಿಯೇನು? ಸಕಲೇಶಪುರ ಪೇಟೆಯಲ್ಲಿ ನಂಬಿಕೆಯ ಮನೆಯೊಂದನ್ನು ಗೊತ್ತುಮಾಡಿ, ಅವರ ಸಂಖ್ಯೆಯನ್ನು ಅವಳಿಗೆ ಕೊಡಿ. ಆ ಮನೆಯವರು ತೋಟಕ್ಕೆ ಬರುವ ಜೀಪಿನವನ ಮೂಲಕ ವಾರಕ್ಕೊಮ್ಮೆ ನಿಮ್ಮ ಸುದ್ದಿ ತರಿಸಿ ಅವಳಿಗೆ ತಿಳಿಸಲಿ. ಅಂತೆಯೇ ಅಲ್ಲಿ ಅವಳ ಸಹಪಾಠಿಯೊಬ್ಬಳ ಸಂಖ್ಯೆ ನಿಮ್ಮಲ್ಲಿರಲಿ. ಮಾತನಾಡಲು ಭಾನುವಾರ ಬೆಳಿಗ್ಗೆ ಅಲ್ಲಿಯ ಹತ್ತು ಗಂಟೆಯನ್ನು ಇಟ್ಟುಕೊಳ್ಳಿ. ಅಂಗಡಿಗಳು ಮುಚ್ಚಿರುವುದರಿಂದ ಅವಳಿಗೆ ಬಿಡುವು. ನಿಮಗೆ ಆಗ ಮಧ್ಯಾಹ್ನ ಒಂದೂವರ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವರು. ಆಮೇಲೆ ಮಾರ್ಚಿ ಕೊನೆಯವರೆಗೆ ಎರಡೂವರೆ. ಆ ದಿನ ಅವಳು ತಡವಾಗಿ ಮಾತನಾಡಿದಳೆಂದು ಗಾಬರಿಪಡಬೇಡಿ. ಊಟವಾಯಿತೇ ಎಂದು ಕೇಳಿದ ಮೇಲೆ ಇನ್ನೂ ಒಂದು ಪ್ರಶ್ನೆ ಕೇಳಿ: ಈ ವಾರ ಯಾವುದು ಕಷ್ಟವಾಯಿತು? ಅವಳು ಹೇಳಿದಾಗ ಒಡನೆಯೇ ಬುದ್ಧಿ ಹೇಳಬೇಡಿ, ಅಳಲೂ ಬೇಡಿ. ಆಮೇಲೆ ನಿಮ್ಮ ವಾರದ ಕಷ್ಟವನ್ನೂ ಒಂದು ಹೇಳಿ.

ಬರುವ ವರ್ಷ ಮಕ್ಕಳನ್ನು ಕಳುಹಿಸುವ ಬೇರೆ ಮಲೆನಾಡಿನ ಸೋದರಿಯರಿಗೆ ಒಂದು ಮಾತು. ಚಳಿಗಾಲದ ಅರ್ಧವರ್ಷಕ್ಕೆ ಅರ್ಜಿ ಹಾಕಲು ಅಲ್ಲಿಯ ಎಷ್ಟೋ ವಿಶ್ವವಿದ್ಯಾನಿಲಯಗಳು ಇಟ್ಟಿರುವ ಕಡೆಯ ದಿನ ಜುಲೈ 15. ಅಂದರೆ ನಮ್ಮ ಕಂಬಗಳು ಬೀಳುವ ಕಾಲ. 2022ರ ನವೆಂಬರಿನಿಂದ ನಮ್ಮ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ಪರಿಶೀಲನೆ ಮಾಡಿಸಿದ ಪ್ರಮಾಣಪತ್ರವನ್ನೂ ಒದಗಿಸಬೇಕಾಗಿದೆ; ಅದಕ್ಕೆ ವಾರಗಳು ಹಿಡಿಯುವುವು. ಯುಗಾದಿಯ ಹೊತ್ತಿಗೆ ಕಾಗದಗಳೆಲ್ಲ ಕೈಯಲ್ಲಿರುವಂತೆ ನೋಡಿಕೊಳ್ಳಿ. ಮೂಲ ದಾಖಲೆಗಳನ್ನು ಅಕ್ಕಿಯ ಡಬ್ಬದಲ್ಲಿ ಇಟ್ಟರೆ ಬೂಷ್ಟು ಹಿಡಿಯುವುದಿಲ್ಲ; ಇದು ನನ್ನ ಅತ್ತೆಯವರಿಂದ ಕಲಿತದ್ದು.

ಕಡೆಗೆ ಪೆಟ್ಟಿಗೆಯ ತೂಕ. ಟಿಕೇಟಿನಲ್ಲಿ ಎಷ್ಟು ಬರೆದಿದೆಯೆಂದು ನೋಡಿ; ಸಾಮಾನ್ಯವಾಗಿ ಒಂದಕ್ಕೆ 23 ಕಿಲೋ. ನಿಲ್ದಾಣದಲ್ಲಿ ಎಲ್ಲರೆದುರು ಬಿಚ್ಚಿ ತೆಗೆಯುವ ಪ್ರಸಂಗ ಬರದಂತೆ ಮನೆಯ ಕಾಫಿ ತೂಗುವ ತಕ್ಕಡಿಯಲ್ಲೇ ಒಮ್ಮೆ ತೂಗಿ. ಹೆಚ್ಚಾದರೆ ಮೊದಲು ಅವಲಕ್ಕಿಯನ್ನು ತೆಗೆಯಿರಿ, ಅದು ಅಲ್ಲಿಯ ಭಾರತೀಯರ ಅಂಗಡಿಗಳಲ್ಲಿ ದೊರೆಯುವುದು. ಆಮೇಲೆ ಎರಡನೆಯ ಕಂಬಳಿಯನ್ನು. ಕಾಫಿಯ ಫಿಲ್ಟರನ್ನು ತೆಗೆಯಬೇಡಿ. ಹಿತ್ತಾಳೆಯದು ಭಾರವಾದರೆ ಉಕ್ಕಿನ ಚಿಕ್ಕದನ್ನು ಇಡಿ.